ಹರಿದ್ರೆಯ ಕಟ್ಟೆ, ಹುಬ್ಬೆಯ ಮಳೆ: ದಾವಣಗೆರೆ–ಹರಿಹರ ಸೀಮೆಯ ನೆಲ, ನೀರು ಮತ್ತು ಕನ್ನಡ

ಹರಿಹರದ ಬಳಿ ತುಂಗಭದ್ರೆಯನ್ನು ಬಂದು ಸೇರುವ ಕಿರುಹೊಳೆಯೊಂದಕ್ಕೆ ಎರಡು ಹೆಸರುಗಳಿವೆ. ಶಾಸನಗಳಲ್ಲಿ, ಸ್ಥಳಪುರಾಣದಲ್ಲಿ, ಪಂಡಿತರ ಬರಹಗಳಲ್ಲಿ ಅದು ಹರಿದ್ರಾ ನದಿ. ಊರವರ ಬಾಯಲ್ಲಿ ಅದು ಸೂಳೆಕೆರೆ ಹಳ್ಳ. ಹರಿದ್ರಾ ಎಂದರೆ ಸಂಸ್ಕೃತದಲ್ಲಿ ಅರಿಸಿನ. ಆ ಹೆಸರು ನೀರಿಗೆ ಮಂಗಳದ ಬಣ್ಣವನ್ನೂ ತೀರ್ಥದ ಪಾವಿತ್ರ್ಯವನ್ನೂ ಕೊಡುತ್ತದೆ. ಸೂಳೆಕೆರೆ ಹಳ್ಳ ಎಂಬ ಹೆಸರಾದರೋ ನೀರಿನ ವಿಳಾಸವನ್ನು ಹೇಳುತ್ತದೆ: ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ದಾಟಿ ಬಂದ ನೀರು ಇದು. ಮೀಯುವವನಿಗೆ ನದಿಯಾದದ್ದು ಬಿತ್ತುವವನಿಗೆ ಹಳ್ಳವಾಗಿದೆ.

ಭಾಷೆ ನೆಲವನ್ನು ಬಣ್ಣಿಸುತ್ತದೆ ಎಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ದಾವಣಗೆರೆ–ಹರಿಹರ ಸೀಮೆಯ ಚರಿತ್ರೆಯನ್ನು ಗಮನಿಸಿದರೆ ಅದಕ್ಕಿಂತ ಗುರುತರವಾದ ಸಂಗತಿಯೊಂದು ಕಾಣುತ್ತದೆ. ಇಲ್ಲಿ ಕನ್ನಡವು ಮಳೆಗೆ ಕಾಲವನ್ನು ಗೊತ್ತುಮಾಡಿದೆ, ನೀರಿಗೆ ಪಾಲನ್ನು ನಿಗದಿಮಾಡಿದೆ, ಒಡೆದ ಕಟ್ಟೆಗೆ ಹೊಣೆಗಾರರನ್ನು ಹೆಸರಿಸಿದೆ. ನೆಲದ ಮಾತು ಬದಲಾದಾಗಲೆಲ್ಲ ನೆಲದ ಹೊಣೆಯೂ ಕೈ ಬದಲಾಯಿಸಿದೆ.

ಎರಡು ಸೀಮೆಗಳ ನಡುವಣ ಊರು

ಈ ಪ್ರದೇಶ ಪಡುವಣದ ಮಲೆನಾಡು ಮುಗಿದು ಮೂಡಣದ ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿದೆ. ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಬರುತ್ತವೆ. ತುಂಗೆಗೆ ನೀರೂಡುವ ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ದಾವಣಗೆರೆಯಲ್ಲಿ ಬೀಳುವುದು ಸುಮಾರು ಅದರ ಹತ್ತನೆಯ ಒಂದು ಪಾಲು. ಹೀಗಾಗಿ ಹರಿಹರದ ಹೊಳೆ ಹರಿಹರದ ಮಳೆಯಿಂದ ತುಂಬುವುದಲ್ಲ. ಇಲ್ಲಿಯ ಆಕಾಶ ತಿಳಿಯಾಗಿದ್ದಾಗಲೂ ಅದು ದಡ ಮೀರಬಹುದು. ಹೊಳೆಯ ನೀರು ಬೇರೆ ನಾಡಿನದು, ಹೊಲದ ನೀರು ತಲೆಯ ಮೇಲಿನ ಮೋಡದ್ದು. ಈ ಎರಡು ನೀರುಗಳ ನಡುವೆ ಬಾಳುವ ಜನ ಎರಡಕ್ಕೂ ಬೇರೆ ಬೇರೆ ಮಾತುಗಳನ್ನು ಕಟ್ಟಿಕೊಂಡರು.

ಸ್ಥಳನಾಮಗಳಲ್ಲೇ ಇದು ಸ್ಪಷ್ಟವಾಗಿದೆ. ಹರಿಹರದ ಹಳೆಯ ಹೆಸರು ಕೂಡಲೂರು. ಕೂಡಲ್ ಎಂದರೆ ಕೂಡುವ ಎಡೆ, ಎರಡು ನೀರು ಸೇರುವ ಸ್ಥಾನ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿ ನಿಂತ ಕ್ಷೇತ್ರ, ನೀರು ನೀರನ್ನು ಕೂಡುವ ಊರೇ ಆಗಿರುವುದು ಗಮನಾರ್ಹ. ಕಾಲಕ್ರಮದಲ್ಲಿ ದೇವರ ಹೆಸರು ಊರಿನ ಹೆಸರಾಯಿತು, ನೀರಿನ ಹೆಸರು ಶಾಸನದಲ್ಲಿ ಉಳಿಯಿತು.

ದಾವಣಗೆರೆಯದು ಇನ್ನೊಂದು ಬಗೆ. ಅದರ ಪೂರ್ವಪದದ ಬಗ್ಗೆ ಹಲವು ಜನಜನಿತ ನಿರುಕ್ತಿಗಳಿವೆ. ದನಕರುಗಳನ್ನೂ ಕುದುರೆಗಳನ್ನೂ ಕಟ್ಟುವ ದಾವಣಿಯಿಂದ ಬಂದದ್ದೆಂದು ಕೆಲವರು, ದಣಿವಾರಿಸಿದ ಕೆರೆ ಎಂದು ಕೆಲವರು ಹೇಳುತ್ತಾರೆ. ಉತ್ತರಪದದ ಬಗ್ಗೆ ಮಾತ್ರ ಜಗಳವಿಲ್ಲ. ಹೇಗೆ ಬಿಡಿಸಿದರೂ ಅಲ್ಲೊಂದು ಕೆರೆ ಉಳಿಯುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ಆದೇಶಸಂಧಿಯಂತೆ ಉತ್ತರಪದದ ಮೊದಲ ಕಕಾರ ಗಕಾರವಾಗಿ ಕೆರೆ ಗೆರೆಯಾಗಿದೆ.

ಇದೇ ಸಂಧಿ ಇನ್ನೊಂದು ಮಾತಿನಲ್ಲೂ ಇದೆ: ಮುಂಗಾರು. ಕಾರ್ ಎಂದರೆ ಕಪ್ಪು, ಕರಿಯ ಮೋಡ, ಮಳೆಗಾಲ. ಮುಂದಣ ಕಾರ್ ಮುಂಗಾರು, ಹಿಂದಣ ಕಾರ್ ಹಿಂಗಾರು. ಇಂಗ್ಲಿಷಿನ ಮಾನ್ಸೂನ್ ಅರಬ್ಬಿಯ ಮೌಸಿಮ್ ಪದದಿಂದ ಬಂದದ್ದು. ಕಡಲಿನಲ್ಲಿ ಹಾಯಿ ಬಿಚ್ಚುವವನಿಗೆ ಬೇಕಾದ ಗಾಳಿಯ ಋತುವನ್ನು ಅದು ಸೂಚಿಸುತ್ತದೆ. ಕನ್ನಡದ ಪದ ಗಾಳಿಯನ್ನು ನೋಡುವುದಿಲ್ಲ. ಒಳನಾಡಿನ ಹೊಲದ ಬದುವಿನಲ್ಲಿ ನಿಂತು ಮೋಡದ ಬಣ್ಣವನ್ನೂ ಅದು ಬರುವ ಸರದಿಯನ್ನೂ ನೋಡುತ್ತದೆ. ಒಂದೇ ಹವಾಮಾನವನ್ನು ನಾವಿಕನ ಕಣ್ಣಿನಿಂದ ಕಾಣುವುದಕ್ಕೂ ಒಕ್ಕಲಿಗನ ಕಣ್ಣಿನಿಂದ ಕಾಣುವುದಕ್ಕೂ ಇರುವ ಅಂತರ ಈ ಎರಡು ಪದಗಳ ನಡುವೆ ಇದೆ.

ಕಾವ್ಯದ ನೆಲ

ಹಾಗಾದರೆ ಕಾವ್ಯ ಈ ನೆಲವನ್ನು ಹೇಗೆ ಕಂಡಿತು? ಕನ್ನಡ ಸಾಹಿತ್ಯದ ಆರಂಭದಲ್ಲೇ ಭೂಗೋಳವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿ ಮತ್ತು ಗೋದಾವರಿಗಳ ನಡುವಣ ನೆಲವೆಂದು ಗುರುತಿಸಿತು. ಅರಸನ ಕೋಟೆಯನ್ನು ಬಿಟ್ಟು ಎರಡು ನದಿಗಳಿಂದ ಭಾಷೆಯ ಎಲ್ಲೆಯನ್ನು ಎಳೆದದ್ದು ಸಣ್ಣ ಸಂಗತಿಯಲ್ಲ.

ಆದರೆ ಪ್ರೌಢಕಾವ್ಯ ಬೆಳೆದಂತೆ ನಿಸರ್ಗವು ಕಟ್ಟುಪಾಡಿಗೆ ಒಳಗಾಯಿತು. ಹರಿಹರೇಶ್ವರ ದೇವಾಲಯದ ನಿರ್ಮಾಣಕ್ಕೆ ಆಶ್ರಯವಾದ ಹೊಯ್ಸಳ ಆಳ್ವಿಕೆಯಲ್ಲೇ ಜನ್ನನು 1230ರಲ್ಲಿ ಅನಂತನಾಥಪುರಾಣವನ್ನು ಬರೆದನು. ಅವನ ಬಂಧುವಾದ ಮಲ್ಲಿಕಾರ್ಜುನನು ಕೆಲವೇ ವರ್ಷಗಳ ಅನಂತರ ಸೋಮೇಶ್ವರನ ಕಾಲದಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಕನ್ನಡ ಕಾವ್ಯಗಳಿಂದ ಆಯ್ದ ಪದ್ಯಗಳನ್ನು ಅಷ್ಟಾದಶ ವರ್ಣನೆಗಳ ಕ್ರಮದಲ್ಲಿ ಜೋಡಿಸಿದ ಗ್ರಂಥವಿದು. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ, ಸೂರ್ಯೋದಯ ಮುಂತಾದವು ಮಹಾಕಾವ್ಯಕ್ಕೆ ಬೇಕೇ ಬೇಕಾದ ಅಂಗಗಳು. ಕಡಲನ್ನು ಎಂದೂ ಕಾಣದ ಕವಿಯೂ ಕಡಲನ್ನು ಬಣ್ಣಿಸಲೇಬೇಕು. ಬಯಲುಸೀಮೆಯ ಕವಿಯೂ ಆರು ಋತುಗಳನ್ನು ತುಂಬಿಕೊಡಬೇಕು. ಆಡುಮಾತಿನಲ್ಲಿಯಾದರೋ ಇರುವುದು ಮೂರೇ ಕಾಲ: ಬೇಸಗೆ, ಮಳೆಗಾಲ, ಚಳಿಗಾಲ.

ಇದನ್ನು ಕಾವ್ಯದ ಕೊರತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅಷ್ಟಾದಶ ವರ್ಣನೆ ಕನ್ನಡ ಓದುಗನನ್ನು ಅಖಿಲ ಭಾರತೀಯವಾದ ಒಂದು ಕಲ್ಪಿತ ಭೂದೃಶ್ಯದ ಪ್ರಜೆಯನ್ನಾಗಿ ಮಾಡಿತು. ಆದರೆ ಆ ಭೂದೃಶ್ಯದಲ್ಲಿ ಯಾರೂ ಕೆರೆಯ ಹೂಳು ತೆಗೆಯುವುದಿಲ್ಲ. ಅಲ್ಲಿ ನೆಲವು ಸೌಂದರ್ಯದ ವಸ್ತು. ಪಾಲು ಕೇಳುವ, ಒಡೆಯುವ, ದುರಸ್ತಿ ಬೇಡುವ ವಸ್ತುವಲ್ಲ. ಅಂತಹ ನೆಲ ಕಾಣಬೇಕಾದರೆ ಓಲೆಗರಿಯಿಂದ ಕಲ್ಲಿನ ಕಡೆಗೆ ತಿರುಗಬೇಕು.

ಶಾಸನದ ನೆಲ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಹಲವು ಶಾಸನಗಳಿವೆ. ಅವುಗಳಲ್ಲಿ ವಿಜಯನಗರ ಕಾಲದ ಎರಡು, ನೀರಿನ ಚರಿತ್ರೆಗೆ ಅಮೂಲ್ಯವಾದವು. 1410ರ ಶಾಸನ ಹರಿದ್ರಾ ನದಿಗೆ ಕಟ್ಟೆ ಕಟ್ಟಿ, ಹರಿಹರದ ಕಡೆಗೆ ಕಾಲುವೆ ತರುವ ಒಪ್ಪಂದವನ್ನು ದಾಖಲಿಸುತ್ತದೆ. ಪಾಲುಗಾರಿಕೆ ಎರಡಕ್ಕೆ ಒಂದರ ಪ್ರಮಾಣದಲ್ಲಿದೆ: ಎರಡು ಪಾಲು ಹರಿಹರದೇವರದು, ಒಂದು ಪಾಲು ಬ್ರಾಹ್ಮಣರದು. ಇಲ್ಲಿ ದೇವರು ಸ್ತುತಿಯ ವಸ್ತುವಾಗಿಲ್ಲ. ನೀರಾವರಿ ಕರಾರಿನ ಒಬ್ಬ ಪಕ್ಷಗಾರನಾಗಿದ್ದಾನೆ.

ಎರಡನೆಯ ಶಾಸನ 1424ರದು. ಅಷ್ಟರಲ್ಲಿ ಕಟ್ಟೆ ಒಡೆದಿತ್ತು. ದೇವರಾಯನ ದಂಡನಾಯಕನಾದ ಚಾಮನೃಪಾಲನ ನೆರವಿನಿಂದ ಅದನ್ನು ಮತ್ತೆ ಕಟ್ಟಲಾಯಿತು. ಹದಿನಾಲ್ಕು ವರ್ಷಗಳ ಒಳಗೆ ಕಟ್ಟಿದ್ದೂ ಉಂಟು, ಕೊಚ್ಚಿಹೋದದ್ದೂ ಉಂಟು, ಪುನಃ ಎತ್ತಿದ್ದೂ ಉಂಟು. ಗೆಲುವು, ದಾನ, ವೀರಮರಣಗಳನ್ನು ಹೇಳಲು ರೂಢಿಯಾದ ಶಾಸನಭಾಷೆ ಇಲ್ಲಿ ಒಂದು ವೈಫಲ್ಯವನ್ನು ಮುಚ್ಚಿಡದೆ ಹೇಳುತ್ತದೆ. ಹಳ್ಳದ ಸ್ವಭಾವವನ್ನು ಬಲ್ಲವರ ಮಾತು ಅದು. ಬೇಸಗೆಯಲ್ಲಿ ಬಡಕಲಾಗುವ ಹರಿದ್ರೆ ಮಳೆಗಾಲದಲ್ಲಿ ಕಟ್ಟೆಯನ್ನು ಒಡೆಯಬಲ್ಲದು, ಒಡೆದಾಗ ಯಾರ ಬಳಿ ಹೋಗಬೇಕೆಂಬುದು ಗೊತ್ತಿರಬೇಕು.

ಮಧ್ಯಕಾಲೀನ ಕನ್ನಡ ಶಾಸನಗಳ ಭೂಪರಿಭಾಷೆ ಒಟ್ಟಾರೆ ನೀರನ್ನು ಅವಲಂಬಿಸಿಯೇ ನಿಂತಿದೆ. ನೀರುಣ್ಣುವ ನೆಲ ಗೞ್ದೆ, ಮುಂದೆ ಗರ್ದೆ, ಗದ್ದೆ. ಮಳೆಯನ್ನೇ ನಂಬಿದ್ದು ಬೆದ್ದಲೆ. ಬಾವಿ–ಕಾಲುವೆಗಳ ಆಶ್ರಯದ್ದು ತೋಂಟ. ಕೆರೆಯ ರಕ್ಷಣೆಗೆ ಬಿಟ್ಟ ಭೂಮಿ ಬಿತ್ತುವಟ್ಟ ಅಥವಾ ಕೆರೆಗೊಡಗೆ. ತೂಬು ತೆರೆದು ಮುಚ್ಚುವವನು ನೀರುಗಂಟಿ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು: ಈ ಸರಣಿಯ ಒಂದೊಂದು ಪದದ ಹಿಂದೆಯೂ ಒಬ್ಬ ಮನುಷ್ಯನ ಕೆಲಸವಿದೆ, ಒಂದು ಉಂಬಳಿಯಿದೆ, ತಪ್ಪಿದರೆ ಶಾಪವಿದೆ.

ಶಾಸನದ ಮಾತಿಗೂ ಮಿತಿಯುಂಟು. ಅದು ಪಾಲುಗಾರರನ್ನು ಹೆಸರಿಸುತ್ತದೆ, ಮಣ್ಣು ಹೊತ್ತವರನ್ನು ಹೆಸರಿಸುವುದಿಲ್ಲ. ಆ ಲೋಪವನ್ನು ಅಷ್ಟಿಷ್ಟಾದರೂ ತುಂಬಿಕೊಡುವುದು ಜನಪದ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ, ಸುಮಾರು 6,550 ಎಕರೆ ಹರಡಿಕೊಂಡಿರುವ ಸೂಳೆಕೆರೆಯ ಕಥೆ ಪ್ರಸಿದ್ಧ. ಶಾಂತವ್ವೆ ಎಂಬ ರಾಜಪುತ್ರಿ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರದ್ದಾಗಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು ಎಂಬುದು ಐತಿಹ್ಯ. ಇದು ಚಾರಿತ್ರಿಕ ಸತ್ಯವೆಂದು ಸಾಧಿಸಬೇಕಾಗಿಲ್ಲ. ನೆಲ ಕಳೆದುಕೊಂಡವರಿಗೆ ಹೆಸರು ಸಲ್ಲಬೇಕು ಎಂಬ ನ್ಯಾಯವನ್ನು ಆ ಐತಿಹ್ಯ ಕಾಪಾಡಿಕೊಂಡು ಬಂದಿದೆ ಎಂಬುದು ಮುಖ್ಯ. ನಾಗರಿಕ ಕಿವಿಗೆ ಹಿತವಾಗಲೆಂದು ಆ ಕೆರೆಯನ್ನು ಶಾಂತಿಸಾಗರವೆಂದು ಕರೆಯುವ ರೂಢಿ ಬಂದಾಗ ಸಭ್ಯತೆ ಉಳಿಯಿತು, ಷರತ್ತು ಮರೆಯಾಯಿತು.

ಮಳೆಯ ಹೆಸರುಗಳು

ಕಟ್ಟೆ–ಕೆರೆಗಳು ಬಿದ್ದ ನೀರನ್ನು ಹಿಡಿಯುವ ಉಪಾಯ. ಬೀಳುವ ಮುನ್ನವೇ ಮಳೆಯನ್ನು ಅರಿಯುವ ಪ್ರಯತ್ನಕ್ಕೂ ಕನ್ನಡದಲ್ಲಿ ಪರಂಪರೆಯಿದೆ. ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿ ಮಳೆಯ ಲಕ್ಷಣ, ಅಂತರ್ಜಲದ ಶೋಧ, ಗಿಡಮರಗಳ ಆರೈಕೆ ಮುಂತಾದ ವಿಷಯಗಳಿವೆ. 1300ರ ಸುಮಾರಿನ ಜೈನಕವಿ ರಟ್ಟನ ರಟ್ಟಮತವು ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ಕುರಿತ ಗ್ರಂಥ. ಭಾಸ್ಕರನೆಂಬ ಕವಿ ಅದನ್ನು ತೆಲುಗಿಗೆ ತಂದನು. ಇಂದಿನ ಹವಾಮಾನಶಾಸ್ತ್ರದ ಕಟ್ಟಳೆಯಲ್ಲಿ ಇವುಗಳ ಎಷ್ಟು ಮಾತು ನಿಲ್ಲುತ್ತದೆ ಎಂಬುದು ಬೇರೆ ಪ್ರಶ್ನೆ. ಅಷ್ಟಾದಶ ವರ್ಣನೆಯ ಯುಗದಲ್ಲೇ ಆಕಾಶವನ್ನು ಪ್ರಯೋಜನದ ದೃಷ್ಟಿಯಿಂದ ಓದುವ ಕನ್ನಡವೊಂದು ಇತ್ತೆಂಬುದಕ್ಕೆ ಇವು ಸಾಕ್ಷಿ.

ಮಳೆಯ ಬಗೆಗಿನ ಜೈನ ದೃಷ್ಟಿಯನ್ನು ಇಲ್ಲಿ ನೆನೆಯಬೇಕು. ಮಳೆಗಾಲದಲ್ಲಿ ನೆಲವು ಮೊಳಕೆಗಳಿಂದ, ಕಣ್ಣಿಗೆ ಕಾಣದ ಕೀಟಗಳಿಂದ ತುಂಬಿಕೊಳ್ಳುತ್ತದೆ. ಅಂತಹ ನೆಲವನ್ನು ತುಳಿಯುವುದು ಹಿಂಸೆ. ಆದುದರಿಂದ ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ವಿಹಾರ ನಿಲ್ಲಿಸಿ ಒಂದೆಡೆ ನಿಲ್ಲುತ್ತಾರೆ. ಅದು ವರ್ಷಾಯೋಗ. ಒಕ್ಕಲಿಗನು ಹೊಲಕ್ಕೆ ಇಳಿಯುವ ಕಾಲವೇ ಯತಿಯು ನಡಿಗೆ ನಿಲ್ಲಿಸುವ ಕಾಲ. ಇಬ್ಬರ ನಡೆಯೂ ಒಂದೇ ಅರಿವಿನಿಂದ ಹುಟ್ಟಿದ್ದು: ಮಳೆ ಬಿದ್ದ ನೆಲ ಜೀವವಿರುವ ನೆಲ.

ಒಕ್ಕಲಿಗನ ಪಂಚಾಂಗವಾದರೋ ಮಳೆನಕ್ಷತ್ರಗಳದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು–ಹದಿನಾಲ್ಕು ದಿನಗಳಿಗೆ ಆಯಾ ನಕ್ಷತ್ರದ ಮಳೆಯೆಂದು ಹೆಸರು. ಅಶ್ವಿನಿ, ಭರಣಿಯಿಂದ ತೊಡಗಿ ಮೇ ಕೊನೆಯ ರೋಹಿಣಿ, ಜೂನ್ ಉತ್ತರಾರ್ಧದ ಆರಿದ್ರೆ, ಆಗಸ್ಟಿನ ಮಘೆ, ಮುಂದೆ ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿಗಳವರೆಗೆ ಇದು ಸಾಗುತ್ತದೆ. ಹೆಸರುಗಳು ಜ್ಯೋತಿಷ್ಯದಿಂದ ಬಂದವು, ಆದರೆ ಜ್ಯೋತಿಷ್ಯದವಾಗಿ ಉಳಿಯಲಿಲ್ಲ. ಹುಬ್ಬೆಯನ್ನೇ ನೋಡಬಹುದು. ಸಂಸ್ಕೃತದ ಪೂರ್ವಾ ಪ್ರಾಕೃತದಲ್ಲಿ ಪುವ್ವಾ, ಪುಬ್ಬಾ ಆಯಿತು, ಹಳಗನ್ನಡದಲ್ಲಿ ಪುಬ್ಬೆ, ಪಕಾರ ಹಕಾರವಾದ ಮೇಲೆ ಹುಬ್ಬೆ. ಚಿತ್ರಾ ಚಿತ್ತೆಯಾದದ್ದೂ ಪ್ರಾಕೃತದ ದಾರಿಯಲ್ಲೇ. ಜೈನಾಗಮಗಳ ನುಡಿಯಾದ ಪ್ರಾಕೃತವು ಕನ್ನಡಕ್ಕೆ ಕೊಟ್ಟದ್ದನ್ನು ಹೇಳುವಾಗ ಕಾವ್ಯ, ವ್ಯಾಕರಣ, ದರ್ಶನಗಳ ಹೆಸರು ಬರುತ್ತದೆ. ಹೊಲದಲ್ಲಿ ಬೀಳುವ ಮಳೆಯ ಹೆಸರಿನಲ್ಲೂ ಪ್ರಾಕೃತದ ಹನಿಯಿದೆ ಎಂಬುದನ್ನು ಮರೆಯಬಾರದು.

ಈ ಹೆಸರುಗಳನ್ನು ನೆನಪಿನಲ್ಲಿ ನಿಲ್ಲಿಸಿದ್ದು ಗಾದೆ. ಭರಣಿ ಮಳೆಗೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ. ಆರಿದ್ರೆ ಕೈಕೊಟ್ಟರೆ ದರಿದ್ರ. ಹುಬ್ಬೆ ಮಳೆ ಉಬ್ಬುಬ್ಬಿ ಬರುತ್ತದೆ. ಭರಣಿ–ಧರಣಿ, ಹುಬ್ಬೆ–ಉಬ್ಬು: ಎರಡನೆಯ ಅಕ್ಷರ ಒಂದಾಗುವ ಈ ಕಟ್ಟು ಕನ್ನಡ ಲಾಕ್ಷಣಿಕರು ಕವಿರಾಜಮಾರ್ಗದ ಕಾಲದಿಂದ ಎತ್ತಿಹಿಡಿದ ಪ್ರಾಸವೇ ಆಗಿದೆ. ಆಸ್ಥಾನದ ಕವಿಗೆ ಛಂದಸ್ಸಿನ ಅಲಂಕಾರವಾದದ್ದು ಅಕ್ಷರವಿಲ್ಲದ ಬೇಸಾಯಗಾರನಿಗೆ ಬಿತ್ತನೆಯ ವೇಳಾಪಟ್ಟಿಯಾಗಿತ್ತು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಮಾತೂ ಇದೇ ಕುಲದ್ದು. ಹದವು ಮಣ್ಣು ಕುಂಟೆಗೆ ಒಗ್ಗುವ ಸ್ಥಿತಿ, ಬೆದೆ ಬಿತ್ತನೆಗೆ ತಕ್ಕ ತೇವ. ನೀರನ್ನು ತನ್ನೊಳಗೆ ಬಹುಕಾಲ ಹಿಡಿದಿಡುವ ಎರೆನೆಲದಲ್ಲಿ ಹಿಂಗಾರಿ ಜೋಳ, ಹತ್ತಿ ಬೆಳೆಯುತ್ತಿದ್ದವರಿಗೆ ಈ ಎರಡು ಪದಗಳ ನಡುವಣ ಕೆಲವು ದಿನಗಳೇ ವರ್ಷದ ಅನ್ನವನ್ನು ನಿರ್ಧರಿಸುತ್ತಿದ್ದವು.

ಕಚೇರಿಯ ನೆಲ

ಮುಂದಿನ ಪಲ್ಲಟ ಕಂದಾಯದ ಕಡತಗಳಲ್ಲಿ ಆಯಿತು. ಗದ್ದೆ, ಬೆದ್ದಲು, ತೋಟಗಳ ಮೇಲೆ ತರಿ, ಖುಷ್ಕಿ, ಬಾಗಾಯತು ಎಂಬ ಪಾರಸಿ ಮೂಲದ ಪದಗಳು ಬಂದು ಕುಳಿತವು. ಅರ್ಥ ಬಹುಮಟ್ಟಿಗೆ ಅದೇ: ಒದ್ದೆ ನೆಲ, ಒಣ ನೆಲ, ತೋಟದ ನೆಲ. ಆದರೆ ಬೆದ್ದಲು ಊರಿನ ಪದ, ಖುಷ್ಕಿ ದಫ್ತರದ ಪದ. ಹೊಸ ಹೆಸರು ನೆಲಕ್ಕೂ ಸರ್ಕಾರಕ್ಕೂ ಇರುವ ತೆರಿಗೆಯ ನಂಟನ್ನು ಮುಂದೆ ಮಾಡಿತು.

ಇದೇ ಅವಧಿಯಲ್ಲಿ ದಾವಣಗೆರೆ ಪೇಟೆಯಾಗಿ ಬೆಳೆಯಿತು. ಹೈದರಾಲಿಯು ಊರನ್ನು ಅಪ್ಪೋಜಿರಾವ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನ ಪ್ರೋತ್ಸಾಹದಿಂದ ವರ್ತಕರು ನೆಲೆಸಿದರು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತು. ಇಂಗ್ಲೆಂಡಿನ ಆ ನಗರ ನೂಲುವಿಕೆಗೆ ಒಗ್ಗುವ ತೇವದ ಹವೆಗೆ ಹೆಸರಾದದ್ದು. ದಾವಣಗೆರೆಗೆ ಹತ್ತಿಯನ್ನು ಕೊಟ್ಟದ್ದು ಕಡಿಮೆ ಮಳೆಯ ಕರಿಯ ಎರೆನೆಲ. ಹೊಗಳಿಕೆಯ ಹೆಸರು ಊರಿನ ಗಿರಣಿಗಳನ್ನು ಕಂಡಿತು, ಗಿರಣಿಗಳ ಬುಡದಲ್ಲಿದ್ದ ಮಣ್ಣನ್ನು ಕಾಣಲಿಲ್ಲ.

ಅತಿ ದೊಡ್ಡ ಬದಲಾವಣೆ ತಂದದ್ದು 1960ರ ದಶಕದಲ್ಲಿ ಪೂರ್ಣಗೊಂಡ, ಲಕ್ಕವಳ್ಳಿಯ ಭದ್ರಾ ಜಲಾಶಯ. 71.5 ಟಿಎಂಸಿ ಸಾಮರ್ಥ್ಯದ ಈ ಜಲಾಶಯದ ಬಲದಂಡೆ ನಾಲೆ, ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳ ಮೂಲಕ ಮಲೆನಾಡಿನ ಮಳೆ ಬಯಲಿನ ಹೊಲಕ್ಕೆ ಇಳಿಯಿತು. ಹತ್ತಿ–ಜೋಳದ ಎರೆನೆಲದಲ್ಲಿ ಭತ್ತದ ಗದ್ದೆಗಳು ಹರಡಿದವು. ಬಡತನದ ಅಂಚಿನಲ್ಲಿದ್ದ ಎಷ್ಟೋ ಮನೆಗಳು ಇದರಿಂದ ಉಸಿರಾಡಿದವು. ಈ ಉಪಕಾರವನ್ನು ಅಲ್ಲಗಳೆಯುವವರು ಬೆದ್ದಲಿನ ಬವಣೆಯನ್ನು ಅರಿಯದವರು.

ಆದರೆ ನೀರಿನ ಮಾತು ಬದಲಾಯಿತು. ಆರಿದ್ರೆ ಬಂತೇ ಎಂದು ಕೇಳುತ್ತಿದ್ದ ಕಡೆ ನಾಲೆಗೆ ನೀರು ಬಿಡುವುದು ಎಂದು ಎಂಬ ಪ್ರಶ್ನೆ ಬಂದಿತು. ಟಿಎಂಸಿ, ಕ್ಯೂಸೆಕ್, ಆನ್–ಆಫ್ ಪದ್ಧತಿ, ಐಸಿಸಿ ಸಭೆ, ಕೊನೆಭಾಗದ ರೈತರು: ಇವು ಇಂದಿನ ಜಲಪರಿಭಾಷೆ. ಇವುಗಳಲ್ಲಿ ಅಳತೆ ನಿಖರವಾಗಿದೆ, ಹೊಣೆ ದೂರವಾಗಿದೆ. ನೀರುಗಂಟಿಯ ಮನೆ ಊರವರಿಗೆ ಗೊತ್ತಿತ್ತು. ಕ್ಯೂಸೆಕ್ಕಿನ ಮನೆ ಯಾರಿಗೂ ಗೊತ್ತಿಲ್ಲ. ನಾಲೆಯ ಕೊನೆಭಾಗಕ್ಕೆ ನೀರು ತಲುಪದ ವರ್ಷ ಮಲೇಬೆನ್ನೂರಿನ ಕಡೆಯ ಕೃಷಿಕರು ಎತ್ತುವ ದೂರು, ಮೂಲತಃ 1410ರ ಶಾಸನ ಎತ್ತಿಕೊಂಡ ಪ್ರಶ್ನೆಯೇ: ಯಾರಿಗೆ ಎಷ್ಟು ಪಾಲು?

ಹಳೆಯ ಪದಗಳು ಅಳಿದವೆಂದಲ್ಲ, ಒಳಗಿನಿಂದ ಬರಿದಾಗುತ್ತಿವೆ. ರೋಹಿಣಿಯ ಗಾದೆ ಈಗಲೂ ಕೇಳಿಬರುತ್ತದೆ. ಆದರೆ ಅದರ ಜೋಳ ಬಿಳಿಜೋಳ. ಇಂದು ದಾವಣಗೆರೆ ಜಿಲ್ಲೆ ರಾಜ್ಯದಲ್ಲಿ ಹೆಸರಾಗಿರುವುದು ಅಮೆರಿಕ ಖಂಡ ಮೂಲದ ಮೆಕ್ಕೆಜೋಳಕ್ಕೆ. ಗಾದೆ ನಿಂತಿದೆ, ಬೆಳೆ ಬದಲಾಗಿದೆ. ನಗರಕ್ಕೆ ಕುಡಿಯುವ ನೀರೊದಗಿಸುವ ಕುಂದುವಾಡ ಕೆರೆ ಕೆರೆಯೆಂದೇ ಕರೆಸಿಕೊಳ್ಳುತ್ತದೆ. ಆದರೆ ಅದು ತುಂಬುವುದು ಭದ್ರೆಯ ನಾಲೆಯಿಂದ. ಕೆರೆ ಎಂಬ ಪದಕ್ಕೆ ಸುತ್ತಣ ನೆಲದ ಮಳೆಯೊಂದಿಗೆ ಇದ್ದ ಕರಾರು ಅಲ್ಲಿ ಕಡಿದಿದೆ.

ಕಲ್ಲು ಹೇಳುವುದು

ಇದನ್ನೆಲ್ಲ ಹಳೆಯದರ ಹಂಬಲವಾಗಿ ಓದಬಾರದು. ಹರಿಹರದ ಶಾಸನಗಳೇ ಆ ಹಂಬಲಕ್ಕೆ ಎಡೆಗೊಡುವುದಿಲ್ಲ. 1410ರ ಕಟ್ಟೆಯನ್ನು ದೇವರ ಎರಡು ಪಾಲೂ ಉಳಿಸಲಿಲ್ಲ, ಕಲ್ಲಿನ ಅಕ್ಷರವೂ ಉಳಿಸಲಿಲ್ಲ. ಭಾಷೆಗೆ ನೆರೆಯನ್ನು ತಡೆಯುವ ಶಕ್ತಿಯಿಲ್ಲ. ನೆರೆ ಇಳಿದ ಮೇಲೆ ಯಾರು ಬಂದು ಕಟ್ಟೆ ಕಟ್ಟಬೇಕು, ಕಟ್ಟಿದ ನೀರಿನಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಮರೆಯದಂತೆ ಮಾಡುವ ಶಕ್ತಿ ಮಾತ್ರ ಅದಕ್ಕಿದೆ. 1424ರಲ್ಲಿ ಕಟ್ಟೆ ಮತ್ತೆ ಎದ್ದದ್ದು ಆ ನೆನಪಿನ ಬಲದಿಂದ.

ಮಳೆ ತನ್ನ ನಕ್ಷತ್ರವನ್ನು ತಪ್ಪಿಸಿ ಬರುತ್ತಿರುವ ಈ ದಿನಗಳಲ್ಲಿ ಗಾದೆಗಳನ್ನು ಪಂಚಾಂಗವಾಗಿ ನಂಬುವುದು ಕಷ್ಟ. ಆದರೆ ಅವನ್ನು ದಾಖಲೆಯಾಗಿ ಓದಬಹುದು. ಯಾವ ಮಳೆಗೆ ಯಾವ ಬೆಳೆ, ಯಾವ ಹದಕ್ಕೆ ಯಾವ ಕೆಲಸ ಎಂದು ತಲೆಮಾರುಗಳು ನಿರೀಕ್ಷಿಸಿದ್ದನ್ನು ಅವು ಹಿಡಿದಿಟ್ಟಿವೆ. ಇಂದಿನ ಮಳೆ ಎಷ್ಟು ಜರುಗಿದೆ ಎಂದು ತಿಳಿಯಲು ಒರೆಗಲ್ಲಾಗಬಲ್ಲವು. ಊರೂರಿನ ಹಿರಿಯರ ಬಾಯಲ್ಲಿರುವ ಮಳೆಗಾದೆ, ಮಣ್ಣಿನ ಹೆಸರು, ಹಳ್ಳ–ಹೊಂಡಗಳ ಹೆಸರುಗಳನ್ನು ಸ್ಥಳ, ಬೆಳೆ, ಕಾಲಗಳ ವಿವರದೊಂದಿಗೆ ಸಂಗ್ರಹಿಸುವುದು ಕನ್ನಡ ಸಂಶೋಧನೆಯ ಮುಂದಿರುವ ಕೆಲಸ. ಶಬ್ದಕೋಶಕ್ಕೆ ಅದರಿಂದ ಒಳಿತು, ಬೇಸಾಯದ ಚರಿತ್ರೆಗೂ ಒಳಿತು.

ಹರಿಹರದಲ್ಲಿ ಎರಡು ಹೆಸರಿನ ಆ ನೀರು ಈಗಲೂ ತುಂಗಭದ್ರೆಯನ್ನು ಸೇರುತ್ತಿದೆ. ಅದನ್ನು ಹರಿದ್ರೆಯೆಂದು ಕರೆದವರು ಕಲ್ಲಿನಲ್ಲಿ ಪಾಲು ಬರೆದಿಟ್ಟರು. ಸೂಳೆಕೆರೆ ಹಳ್ಳವೆಂದು ಕರೆದವರು ನೆಲ ಕೊಟ್ಟವರ ಹೆಸರನ್ನು ನಾಲಗೆಯ ಮೇಲೆ ಉಳಿಸಿಕೊಂಡರು. ಚರಿತ್ರೆ ಬರೆಯುವವರಿಗೆ ಎರಡೂ ಹೆಸರುಗಳು ಬೇಕು.